ಐದಕ್ಕೆ ನಾಲ್ಕು ಪಾಯಿಂಟ್ ಆರು

ಯಂತ್ರ ಹೇಳುತ್ತದೆ: ಐದಕ್ಕೆ ನಾಲ್ಕು ಪಾಯಿಂಟ್ ಆರು.
ಹುಮೈದ್ ಹೇಳುತ್ತಾನೆ: ನಾಲ್ಕು ದಾಟಿದ್ದೆಲ್ಲ ಬಾಟ್, ಅಳಿಸು,
ಬೆಳಗಾಗುವುದರೊಳಗೆ ಇನ್ನೂರು ಖಾತೆ ಮುಗಿಯಬೇಕು.

ಖಾತೆಯ ಹೆಸರು ಗಾಡಿ ಅರವತ್ತೊಂದು.
ಮುಖವಿಲ್ಲ, ಊರಿಲ್ಲ, ಪಟದ ಜಾಗದಲ್ಲಿ ಬೂದು ಗುಂಡು.
ಬೆಳಗಿನ ಜಾವ ನಾಲ್ಕು ಹತ್ತಕ್ಕೆ ದಿನಾ ಒಂದೇ ಸಾಲು:
"ಗಾಡಿ ಬಂತು. ಕೆಳಗೆ ಬನ್ನಿ."
ಹಿಂದಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ,
ನಾನು ಓದಲಾರದ ಇನ್ನೊಂದು ಲಿಪಿಯಲ್ಲೊಮ್ಮೆ.
ಹಿಂಬಾಲಕರು ನಲವತ್ತಮೂರು ಮಂದಿ.
ಇದು ಯಾರನ್ನೂ ಹಿಂಬಾಲಿಸುವುದಿಲ್ಲ,
ಎರಡು ವರ್ಷದಲ್ಲಿ ಒಂದು ಲೈಕೂ ಒತ್ತಿಲ್ಲ.

ಯಂತ್ರ ಓದು ಕಲಿತದ್ದು ಇಂಗ್ಲಿಷಿನಲ್ಲಿ.
ಕನ್ನಡವೆಂದರೆ ಅದಕ್ಕೆ ಗದ್ದಲ,
ಗದ್ದಲ ಕಂಡರೆ ಅರ್ಧ ಅಂಕ ಜಾಸ್ತಿ.
ಕೈಪಿಡಿಯ ಹನ್ನೊಂದನೇ ಪುಟದ ಅಡಿಯಲ್ಲಿ, ಸಣ್ಣಕ್ಷರದಲ್ಲಿದೆ:
ಅಂಕ ತೀರ್ಪಲ್ಲ, ಹೋಲಿಕೆ.
ನೂರಕ್ಕೆ ತೊಂಬತ್ತೆರಡು ಬಾಟ್ ಅಂತಲ್ಲ,
ಬಾಟುಗಳ ಸಾಲಲ್ಲಿ ನಿಲ್ಲಿಸಿದರೆ
ಎದ್ದು ಕಾಣುವುದಿಲ್ಲ, ಅಷ್ಟೆ.

ಮಲ್ಪೆಯ ಮೀನು ಮಾರ್ಕೆಟ್ಟಿನಲ್ಲಿ ವಾರಿಜ ಚಿಕ್ಕಮ್ಮ
ಪಕ್ಕದವಳಿಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು:
"ಕಣ್ಣು ನೋಡ್ಬೇಡ, ಕಣ್ಣಿಗೆ ನೀರು ಚಿಮುಕಿಸಿರ್ತಾರೆ,
ಕಿವಿರು ಎತ್ತಿ ನೋಡು."

ಎತ್ತಿದೆ. ಆರುನೂರಿಪ್ಪತ್ತು ಬೆಳಗುಗಳು.
ನಾಲ್ಕು ಹತ್ತು, ನಾಲ್ಕು ಹತ್ತು, ನಾಲ್ಕು ಹತ್ತು,
ವಾರಕ್ಕೊಂದು ದಿನ ಖಾಲಿ.
ಜನವರಿಯಲ್ಲಿ ಒಂದೇ ಒಂದು ಸಲ, ನಾಲ್ಕು ಹನ್ನೆರಡು:
"ಮಂಜು. ದಾರಿ ಕಾಣ್ತಿಲ್ಲ. ಇನ್ನೂ ಸ್ವಲ್ಪ ಮಲಗಿರಿ."
ಆ ದಿನ ಅಂಕ ಒಂದು ಚೂರು ಇಳಿದಿತ್ತು.

ನಿನ್ನೆ ಬಂದ ಖಾತೆಗೆ ಬರೀ ಸೊನ್ನೆ ಪಾಯಿಂಟ್ ಮೂರು.
ಕಾಗುಣಿತ ತಪ್ಪು, ಅಮ್ಮನ ನೆನಪು, ನಡುರಾತ್ರಿಯ ಅಳು,
ಒಂದು ಬೆಕ್ಕು. ನಾನೂ ಹೃದಯ ಒತ್ತಿದ್ದೆ.
ಅದು ವೀಸಾ ಮಾರುತ್ತಿತ್ತು.
ಅದೇ ಬೆಕ್ಕು ಮುನ್ನೂರು ಖಾತೆಗಳಲ್ಲಿ ಮಲಗಿತ್ತು.

ಹುಮೈದ್ ಕೆಟ್ಟವನಲ್ಲ. ಅವನ ಮೇಲೊಬ್ಬ, ಆ ಮೇಲಿನವನಿಗೊಂದು ಪಟ್ಟಿ.
ಕಾಲಮ್ಮಿನಲ್ಲಿ ಒಂದು, ಇಲ್ಲವೇ ಸೊನ್ನೆ;
ಬೇರೇನು ಬರೆದರೂ ಚೌಕ ಕೆಂಪಾಗುತ್ತದೆ.
"ಮಂಜು" ಎಂದು ಬರೆದೆ.
ಕೆಂಪಾಯಿತು. ಹಾಗೇ ಬಿಟ್ಟೆ.

ಪಾಳಿ ಮುಗಿಸಿ ಇಳಿದರೆ ಮುಸಫ್ಫಾ ಕಡೆಯಿಂದ ಬಿಳಿ ಬಸ್ಸುಗಳು,
ಕಿಟಕಿಗೆ ಒರಗಿ ನಿದ್ದೆ ಮುಂದುವರಿಸಿದ ತಲೆಗಳು.
ಸಿಗ್ನಲ್ಲಿನಲ್ಲಿ ಒಬ್ಬ ಚಾಲಕ ಆಕಳಿಸಿದ,
ಬಾಯಿಗೆ ಅಡ್ಡ ಹಿಡಿದ ಕೈಯಲ್ಲೇ ಮೊಬೈಲು.
ಇರಬಹುದು.
ಗಾಡಿಯ ನಂಬರು ನೋಡಲು ಬಗ್ಗುವಷ್ಟರಲ್ಲಿ
ಹಸಿರು ಬಿತ್ತು.