ಬೋರಲು ಕಲ್ಲು

ಬೆಳಗಿನ ಆರಕ್ಕೆ ಪಿಕಪ್ಪು ನಮ್ಮನ್ನು
ಒಣಹೊಳೆಯ ಬಾಯಲ್ಲಿ ಇಳಿಸಿ ಹೋಯಿತು.
ಕಡಲು ಅರವತ್ತು ಮೈಲಿಯಾಚೆ; ಆದರೂ ಅದರ ಮಂಜು
ನಮೀಬಿಯಾದ ಮರಳ ಮೇಲೆ ಒದ್ದೆ ಕಾಲಿಟ್ಟು ಬಂದು
ನಮ್ಮನ್ನೊಮ್ಮೆ ಮೂಸಿ, ಹಿಂದಿರುಗಿತು.

ಎಲ್ಫ್ರೀಡೆ ಮುಂದೆ. ಅವಳ ಅಕ್ಕನ ಮಗ ಗೊತ್ಲೀಬ್ ಹಿಂದೆ,
ಹನ್ನೊಂದರ ಹುಡುಗ, ಎರಡು ಸೈಜು ದೊಡ್ಡ ಬೂಟು.
ನಡುವೆ ನಾನು, ನೀರು ಹೊತ್ತ ಕತ್ತೆ.
ಅವಳ ಮನೆತನದ ಹೆಸರು ಒಂದು ಲೊಚಗುಟ್ಟಿನಿಂದ ಶುರು:
ನಾಲಗೆ ಅಂಗುಳಕ್ಕೆ ಅಂಟಿ ಬಿಡಿಸಿಕೊಳ್ಳುವ ಸದ್ದು.
ನಮ್ಮ ಐವತ್ತು ಚಿಲ್ಲರೆ ಅಕ್ಷರಗಳಲ್ಲಿ ಅದಕ್ಕೊಂದು ಮನೆಯಿಲ್ಲ.
ಅಯ್ಯೋ ಪಾಪ ಅನ್ನಲು ಬಳಸಿ ಬಿಸಾಡುತ್ತೇವೆ;
ದಮಾರಾ ಜನ ಅದರಲ್ಲಿ
ಕಲ್ಲಿಗೆ, ನೀರಿಗೆ, ಬೆಂಕಿಗೆ, ನಡಿಗೆಗೆ ಹೆಸರಿಟ್ಟಿದ್ದಾರೆ.

ನಕಾಶೆ ಇರಲಿಲ್ಲ. ಇದ್ದದ್ದು ತೀರಿಕೊಂಡ ಅಜ್ಜಿಯ ನಾಲ್ಕು ಮಾತು:
ಮಲಗಿದ ಎತ್ತನ್ನು ಎಡಕ್ಕೆ ಬಿಡು.
ಹಾಲುಕಳ್ಳಿ ಮುಗಿದಲ್ಲಿ ಹತ್ತು.
ಮುದುಕಿಯ ಹಲ್ಲು ಕಂಡರೆ ಮನೆ ಹತ್ತಿರ.
ಹುಲ್ಲಿನ ಬೀಜ ಅರೆಯುವ ಕಲ್ಲನ್ನು
ಹೊರಡುವಾಗ ಬೋರಲು ಹಾಕಿ ಬಂದಿದ್ದೇನೆ.

ಯಾವ ಎತ್ತು?
ಕಣ್ಣು ಹಾಯುವಷ್ಟೂ ಮಲಗಿದ ಎತ್ತುಗಳೇ.
ಕೆಂಪು ಗ್ರಾನೈಟಿನ ಬೆನ್ನು, ಡುಬ್ಬ, ಗಂಗೆದೊಗಲು,
ಒಂದಕ್ಕೊಂದು ಒರಗಿ ಮೆಲುಕು ಹಾಕುತ್ತ
ಏಳಲು ಯಾರ ಅಪ್ಪಣೆಗೋ ಕಾದಂತೆ.
ಮೂರು ಎತ್ತುಗಳನ್ನು ಎಡಕ್ಕೆ ಬಿಟ್ಟೆವು.
ಮೂರೂ ಸಲ ಗೋಡೆಗೆ ಹಣೆ ಹಚ್ಚಿ ಮರಳಿದೆವು.

ಹತ್ತು ಗಂಟೆಗೆಲ್ಲ ಕಲ್ಲು ಕಾದ ಕಾವಲಿ.
ಸಂದಿಯಲ್ಲಿ ಸೊಂಟ ತೂರಿಸಿ, ಚೀಲ ಕಳಚಿ ಆಚೆ ಎಸೆದು,
ಕೂತು ಜಾರಿ, ತೆವಳಿ, ಒಮ್ಮೆ ಎಲ್ಫ್ರೀಡೆಯ ಹೆಗಲನ್ನೇ ಮೆಟ್ಟಿ.
ನನ್ನ ಮೊಣಕಾಲ ಚರ್ಮ ಅಲ್ಲೆಲ್ಲೋ ಒಂದು ಬಂಡೆಯ ಬಳಿ ಉಳಿದಿದೆ.
ಮೊಲದಂಥ ಡಾಸ್ಸಿಗಳು ನೆತ್ತಿಯಿಂದ ಇಣುಕಿ
ಉಚ್ಚೆಯಲ್ಲಿ ಬಿಳಿಗೆರೆ ಎಳೆದ ತಮ್ಮ ಗೋಡೆ ಕಾಯುತ್ತಿದ್ದವು.
ಆನೆಯ ಲದ್ದಿ ಒಣಗಿ ಹಗುರ, ಹಳೇ ಚಹಾಸೊಪ್ಪಿನ ವಾಸನೆ.
ಎಷ್ಟು ದಿನದ್ದು, ಅಂದೆ.
ಗೊತ್ಲೀಬ್ ಬೂಟಿನಲ್ಲಿ ಒದ್ದು ನೋಡಿ
ಪರೀಕ್ಷೆಗೆ ಮುಂಚಿನದು, ಅಂದ.

ಕಣಿವೆ ಕವಲೊಡೆದಲ್ಲಿ ಕಲ್ಲುಗುಪ್ಪೆ.
ಹಲವು ಸಲ ಸತ್ತು ಹಲವು ಸಲ ಎದ್ದ ಯಾವನದೋ ಗೋರಿ;
ದಾಟುವವರು ಒಂದು ಕಲ್ಲಿಟ್ಟು ದಾರಿ ಕೇಳಬೇಕು.
ಹುಡುಗ ಕಲ್ಲಿಟ್ಟ. ನಾನೂ. ಎಲ್ಫ್ರೀಡೆ ಒಂದು ಹಸಿ ಕಡ್ಡಿ.
ಗಾಳಿ ದಿಕ್ಕು ಬದಲಿಸಿತು, ಅಷ್ಟೆ.

ಮಧ್ಯಾಹ್ನ ಮೀರಿ, ಹಾಲುಕಳ್ಳಿ ಮುಗಿದಲ್ಲಿ,
ಬಿಳಿ ಬೆಣಚಿನ ನಾಲ್ಕು ಮೊನೆ, ನಡುವೆ ಒಂದು ಬೋಡುಸಂದು:
ಮುದುಕಿ ನಗುತ್ತಿದ್ದಳು.

ಗುಡಿಸಲ ಬುಡದ ಕಲ್ಲುಬಳೆಗಳು, ಮೊಣಕಾಲೆತ್ತರವೂ ಇಲ್ಲ.
ತುಕ್ಕು ತಿಂದ ಮೀನಿನ ಡಬ್ಬ. ಆಡಿನ ಹಲ್ಲು.
ಮತ್ತೆ, ಬೋರಲು ಮಲಗಿದ ಚಪ್ಪಟೆ ಕಲ್ಲು.
ಒಂದಲ್ಲ, ಏಳು.

ಅಜ್ಜಿ ಹೇಳಿದ್ದು ತನ್ನದೊಂದನ್ನೇ.
ಇನ್ನಾರು ಹೆಂಗಸರು ಅದೇ ಬೆಳಗ್ಗೆ, ಹಾಗೇ ಸೊಂಟ ಬಗ್ಗಿಸಿ,
ಕಲ್ಲಿನ ಮೋರೆ ನೆಲಕ್ಕೆ ತಿರುಗಿಸಿ—
ಕೆಳಗೆ ಲಾರಿ ಹಾರನ್ನು ಹೊಡೆಯುತ್ತಿದ್ದಿರಬೇಕು.

ನಮ್ಮದು ಯಾವುದು, ಎಂದ ಹುಡುಗ.
ಎಲ್ಫ್ರೀಡೆ ಒಂದನ್ನು ಎತ್ತಿದಳು. ಅಡಿಯಲ್ಲಿ ಚೇಳು,
ಬೆಳಕಿಗೆ ಸಿಟ್ಟಾಗಿ ಸರಿಯಿತು.
ಕಲ್ಲಿನ ಹೊಟ್ಟೆಯಲ್ಲಿ ನುಣುಪು ಕುಳಿ.
ಅಂಗೈ ಇಟ್ಟಳು. ಹೊಂದಿತು.
ಎರಡನೆಯದಕ್ಕೂ ಹೊಂದಿತು. ಮೂರನೆಯದಕ್ಕೂ.
ಅವಳ ನಾಲಗೆ ಒಮ್ಮೆ ಲೊಚಗುಟ್ಟಿತು.
ಹೆಸರೋ, ಪಾಪವೋ, ನಾನು ಕೇಳಲಿಲ್ಲ.
ನಾಲ್ಕನೆಯದನ್ನು ಎತ್ತಲಿಲ್ಲ;
ಎತ್ತಿದ್ದನ್ನು ಮತ್ತೆ ಬೋರಲು ಹಾಕಿದಳು.

ಇಳಿಯುವಾಗ ಬಂಡೆಗಳು ತಣಿಯುತ್ತ ಪಟಪಟ ಎಂದವು,
ದಿನವಿಡೀ ಕೂತವರು ನೆಟಿಗೆ ಮುರಿದಂತೆ.
ಉಳಿದ ಒಂದು ಬಿಸಿ ಗುಟುಕು ಹುಡುಗನಿಗೆ.
ಅವನೀಗ ಎಲ್ಲರಿಗಿಂತ ಮುಂದೆ, ಬಂಡೆಗೊಂದು ಹೆಸರು ಕೂಗುತ್ತ:
ಬಾನೆಟ್ ಎತ್ತಿದ ಲಾರಿ! ಹೆಡ್‌ಮಾಸ್ಟರ ಬೋಳುತಲೆ! ಕಚ್ಚಿಟ್ಟ ಬ್ರೆಡ್ಡು!

ನೆನಪಿಟ್ಟುಕೋ, ಅಂದಳು ಎಲ್ಫ್ರೀಡೆ.
ಅವನಿಗೋ, ನನಗೋ.
ಲಾರಿ, ಬೋಳುತಲೆ, ಬ್ರೆಡ್ಡು, ಅಂದುಕೊಂಡು
ಒಮ್ಮೆ ತಿರುಗಿ ನೋಡಿದೆ.
ಈ ಬದಿಯಿಂದ ಎಲ್ಲವೂ ಮಲಗಿದ ಎತ್ತುಗಳು.