ಕಟ್ಟಿದ ವರ್ಷ: ತಿಳಿದಿಲ್ಲ

ನಮ್ಮ ಊರಿನ ಲೆಕ್ಕಕ್ಕೆ ಇನ್ನೂರ ಆರು ಸೇತುವೆ.
ದೊಡ್ಡದಕ್ಕೆ ಹೆಸರಿದೆ, ದೀಪವಿದೆ, ಉದ್ಘಾಟನೆಯ ಫೋಟೋ ಇದೆ.
ಉಳಿದವಕ್ಕೆ ಬರೀ ನಂಬರು.
ಐದು ವರ್ಷಕ್ಕೊಮ್ಮೆ ಒಂದೊಂದರ ಹೊಟ್ಟೆಯಡಿಗೂ ತೂರಿ
ಸುತ್ತಿಗೆಯಿಂದ ಬಡಿದು ಕೇಳುವುದು ನನ್ನ ಕೆಲಸ.

ಗಟ್ಟಿ ಕಾಂಕ್ರೀಟು ಟಣ್ ಎನ್ನುತ್ತದೆ,
ಒಳಗೆ ಬಿಟ್ಟುಕೊಂಡದ್ದು ಬೊದ್ ಎನ್ನುತ್ತದೆ.
ಇಷ್ಟೇ ವಿದ್ಯೆ.
ಕಲಿಸಿದ್ದು ಕಾಲೇಜಲ್ಲ, ಸೋದರಮಾವ.
ಇವಾಮಿಯ ಭಟ್ಟಿಯಲ್ಲಿ ನೀರಿನ ಗುಡಾಣ ಕೊಳ್ಳುವಾಗ
ಬೆರಳ ಗೆಣ್ಣಿನಿಂದ ಬಡಿದು, ಕಣ್ಣು ಮುಚ್ಚಿ,
"ಇದು ಸುಳ್ಳು ಹೇಳ್ತಿದೆ" ಅಂತ ಬದಿಗಿಡುತ್ತಿದ್ದ.

ನೂರ ಹದಿನೆಂಟು.
ಉದ್ದ ಆರೂವರೆ ಮೀಟರು, ಅಗಲ ಎರಡು ಚಿಲ್ಲರೆ.
ಆಚೆ ದಡದಲ್ಲಿ ಸುಗಿ ಮರಗಳ ತೋಪು, ಹತ್ತಿಪ್ಪತ್ತು ಗೋರಿಕಲ್ಲು,
ಸುಗಿಹಾರ ಮಿನೆಕೊ ಅವರ ಅಣಬೆ ದಿಮ್ಮಿಗಳು ಎಂಟುನೂರು.
ಕಟ್ಟಿದ ವರ್ಷ: ತಿಳಿದಿಲ್ಲ.
ಕಟ್ಟಿದವರು: ತಿಳಿದಿಲ್ಲ.
ನಕ್ಷೆ: ಇಲ್ಲ.
ಮೂರು ಹಳ್ಳಿಗಳನ್ನು ಸೇರಿಸಿ ಒಂದು ಊರು ಮಾಡಿದಾಗ
ಕಪಾಟುಗಳು ಬಂದವು, ಬೀಗದ ಕೈ ಬರಲಿಲ್ಲ.

ಉದ್ದ ಬೂಟು ಹಾಕಿ ನೀರಿಗಿಳಿದೆ.
ಟಣ್. ಟಣ್. ಟಣ್. ಬೊದ್.
ಬೊದ್.
ಬೊದ್ ಎಂದಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆಯುತ್ತ ಹೋದರೆ
ಅಡಿಭಾಗ ಪೂರ್ತಿ ಯಾವುದೋ ದೇಶದ ಭೂಪಟ.
ಒಂದು ಕಡೆ ಹಕ್ಕಳೆ ಕಳಚಿ ಹೆಗಲ ಮೇಲೆ ಬಿತ್ತು.
ಹದಿಮೂರು ಮಿಲಿಮೀಟರು ಇರಬೇಕಾದ ಕಂಬಿ
ತುಕ್ಕಾಗಿ ಉದುರಿ ಉದುರಿ
ಪೆನ್ಸಿಲ್ಲಿನ ಸೀಸದಷ್ಟು ಉಳಿದಿತ್ತು.

ಆಚೆ ದಡದಲ್ಲಿ ತಮ್ಮ ಪುಟ್ಟ ಬಿಳಿ ಟ್ರಕ್ಕು ನಿಲ್ಲಿಸಿ
ಮಿನೆಕೊ ನಡೆದು ಬಂದು ಬಗ್ಗಿ ನೋಡಿದರು.
"ಏನಂತೆ ಅದಕ್ಕೆ?"
ದನದ ಡಾಕ್ಟರನ್ನು ಕೇಳುವ ದನಿ.
ನಾನು ಉತ್ತರ ತಪ್ಪಿಸಿ, ಯಾವಾಗ ಕಟ್ಟಿದ್ದು ಗೊತ್ತೇ ಅಂದೆ.
ಅವರು ಕೈಗಂಬಿಯ ಬುಡದ ಪಾಚಿಯನ್ನು ಕೈಗವಸಿನಿಂದ ಉಜ್ಜಿದರು.
ನಾಲ್ಕು ಹೆಜ್ಜೆ. ನಾಯಿಯವು.

"ನಮ್ಮ ಗೊಂತನದು. ಇನ್ನೂ ಹಸಿ ಇರುವಾಗಲೇ ದಾಟಿಬಿಟ್ಟ.
ಅಪ್ಪ, ಚಿಕ್ಕಪ್ಪ, ಮೇಲಿನ ಮನೆಯ ತಾಬುಚಿ,
ಹೊಳೆಯ ಮರಳನ್ನೇ ಕಲಸಿ ಹಾಕಿದ್ದು.
ನಾಯಿಗೆ ಬೈದರು. ಹೆಜ್ಜೆ ಅಳಿಸಲಿಲ್ಲ.
ನನಗಾಗ ಒಂಬತ್ತು. ಟೋಕಿಯೋದಲ್ಲಿ ಒಲಿಂಪಿಕ್ಸು ಅದೇ ವರ್ಷ,
ತಾಬುಚಿಯವರ ಟಿವಿ ನೋಡಲು ಇದರ ಮೇಲೇ ಓಡಿದ್ದೆ."

ನೀರಿನಲ್ಲಿ ನಿಂತೇ ಟ್ಯಾಬ್ಲೆಟ್ಟು ತೆಗೆದು
ತಿಳಿದಿಲ್ಲ ಎಂಬುದನ್ನು ಅಳಿಸಿ ತುಂಬಿದೆ: ೧೯೬೪.
ಅದೇ ಸಾಲಿನ ಕೊನೆಯ ಚೌಕ ಕಾಯುತ್ತಿತ್ತು. ದರ್ಜೆ.
ಒಂದು ಅಂದರೆ ಕ್ಷೇಮ.
ನಾಲ್ಕು ಅಂದರೆ ಇವತ್ತೇ ಮುಚ್ಚು.
ನಾಲ್ಕು ಒತ್ತಿದೆ.

ಬಜೆಟ್ ಸಭೆಯಲ್ಲಿ ಕುರಮೊಟೊ ಏನು ಹೇಳುತ್ತಾರೆ ನನಗೆ ಗೊತ್ತು:
ಹೊಸದಕ್ಕೆ ಮೂರು ಕೋಟಿ ಯೆನ್,
ದಾಟುವವರು ದಿನಕ್ಕೆ ಒಬ್ಬರು,
ಪಿತೃಗಳ ಹಬ್ಬದಲ್ಲಿ ಹನ್ನೊಂದು.
ಈ ಭಾಗಾಕಾರ ನಾನೂ ಮಾಡಿದ್ದೇನೆ.
ಶಾಲೆಯ ಕೆಳಗಿನ ನೀರಿನ ಕೊಳವೆಯೂ ಅದೇ ದುಡ್ಡಿನಲ್ಲಿ ಆಗಬೇಕು.
ಲೆಕ್ಕದಲ್ಲಿ ತಪ್ಪಿಲ್ಲ.
ಇದ್ದಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು.

ಹೇಳಿದೆ. ಮಿನೆಕೊ ಹೂಂ ಅಂದರು,
ಮತ್ತೇನೂ ಅನ್ನಲಿಲ್ಲ.
ಆದರೆ ಟ್ರಕ್ಕು ಆಚೆ ದಡದಲ್ಲಿತ್ತು.

ಅಣಬೆಯ ಬುಟ್ಟಿಗಳನ್ನು ಒಂದೊಂದೇ ಇಳಿಸಿ
ಇಬ್ಬರೂ ಹೊತ್ತು ತಂದೆವು, ಏಳು ಸಲ,
ಒಬ್ಬರು ದಾಟಿದ ಮೇಲೆ ಇನ್ನೊಬ್ಬರು.
ಆಮೇಲೆ ಅವರು ಬರಿದಾದ ಟ್ರಕ್ಕು ಹತ್ತಿದರು.
ನಿಯಮ ಬಲ್ಲವನು ನಾನು.
ಬೆನ್ನು ತಿರುಗಿಸಿ ನಿಂತೆ.
ಕಿವಿಯನ್ನು ತಿರುಗಿಸಲಾಗಲಿಲ್ಲ.

ತಡೆಗಂಬ ನಿಲ್ಲಿಸಿ ಹಳದಿ ಪಟ್ಟಿ ಕಟ್ಟುವಷ್ಟರಲ್ಲಿ ಕತ್ತಲಾಗಿತ್ತು.
ಫಾರಂ ಮುಗಿಯಿತು ಅಂದುಕೊಂಡರೆ ಷರಾ ಖಾಲಿ,
ಏನಾದರೂ ಬರೆಯದೆ ಅದು ಸಲ್ಲಿಕೆಯಾಗುವುದಿಲ್ಲ.
ಬರೆದೆ:
ಕೈಗಂಬಿಯ ಬುಡದಲ್ಲಿ ನಾಯಿಯ ಹೆಜ್ಜೆ, ನಾಲ್ಕು.
ಸುಸ್ಥಿತಿಯಲ್ಲಿವೆ.