ಹೂಬಿಸಿಲಿಗೆ ಅರ್ಜಿ

ನಮ್ಮೂರಲ್ಲಿ ಗಾಳಿಯ ದಿನ ಬೀದಿಗೆ ಹಗ್ಗ ಕಟ್ಟುತ್ತಾರೆ.
ಹಿಡಿದು ನಡೆಯಬೇಕು, ಇಲ್ಲವಾದರೆ ಚೌಕದ ಆಚೆ
ಯಾರದೋ ಬೇಲಿಗೆ ತಗುಲಿಕೊಂಡಿರುತ್ತೀರಿ,
ಹಾರಿಬಂದ ಅಂಗಿಯ ಹಾಗೆ.
ಪುಂತಾ ಅರೇನಸ್. ನೆಲ ಸಾಕಾಗಿ ನೀರಿಗಿಳಿಯುವ ಜಾಗ.
ನಲವತ್ತೊಂದು ವರ್ಷ ಯೆರ್ಕೊ ಅಲ್ಲಿ ಜಲಸಂಧಿಯ ದೋಣಿಗೆ
ಇಂಜಿನ್ ನೋಡಿಕೊಂಡ. ನಾನು ಕಾರ್ಖಾನೆಯಲ್ಲಿ ನಿಂತು
ಏಡಿಯ ಕಾಲು ಬಿಡಿಸಿದೆ.
ಗಾಳಿ ಗುದ್ದಿ ಮೈ ನೋಯಿಸಿಕೊಂಡವರು ಎಂಬ ಮಾತು
ನಮ್ಮನ್ನು ನೋಡಿಯೇ ಹುಟ್ಟಿರಬೇಕು.

ಪಿಂಚಣಿಯ ಮೊದಲ ಕಾಗದ ಬಂದ ರಾತ್ರಿ
ಅವನು ಬೂಟು ಬಿಚ್ಚುತ್ತ ಹೇಳಿದ:
"ಎದಿತ್, ಒಮ್ಮೆಯಾದರೂ ಓರೆಯಾಗದೆ ನಡೆಯಬೇಕು."

ಪಟ್ಟಿ ಬರೆದೆವು.
ಚಿಕ್ಕ ಊರು. ದಿನಕ್ಕೆ ಎರಡಾದರೂ ಬಸ್ಸು.
ನಡೆದು ಮುಟ್ಟುವಷ್ಟು ದೂರದಲ್ಲಿ ಆಸ್ಪತ್ರೆ.
ಹಲ್ಲಿನ ಡಾಕ್ಟರು ಬೇಡ, ಆ ಲೆಕ್ಕ ಮುಗಿದಿದೆ.
ಬಿಸಿಲು ಬೇಕು, ಉರಿ ಬೇಡ:
ಬೆನ್ನಿಗೆ ಕೈಯಿಟ್ಟು "ಕೂತುಕೋ" ಅನ್ನುವಂಥದ್ದು,
ಕೊರಳು ಹಿಡಿದು "ಏಳು" ಅನ್ನುವಂಥದ್ದಲ್ಲ.
ನಮ್ಮ ದೇಶದಲ್ಲಿ ಬೆಚ್ಚಗಿರುವುದು ಉತ್ತರಕ್ಕೆ.
ದೇಶ ಉದ್ದ, ಮೊಣಕಾಲು ಗಿಡ್ಡ. ಹೊರಟೆವು.

ಮೊದಲ ಊರಲ್ಲಿ ಎಲ್ಲರೂ ನಮ್ಮಂಥವರೇ;
ಬೆಂಚಿನ ಮೇಲೆ ಬಿ.ಪಿ.ಯ ಅಂಕಿಗಳನ್ನು
ಮೊಮ್ಮಕ್ಕಳ ಹೆಸರಿನಂತೆ ಹೇಳಿಕೊಳ್ಳುತ್ತಿದ್ದರು.
ಎರಡನೆಯದರಲ್ಲಿ ನದಿಗೆ ಸೇತುವೆಯಿತ್ತು, ನೀರು ಲಾರಿಯಲ್ಲಿತ್ತು.
ಮೂರನೆಯದರಲ್ಲಿ ಕಡಲ ಮಂಜು ಮಧ್ಯಾಹ್ನದವರೆಗೆ
ಎದ್ದು ಹೋಗದ ನೆಂಟ.
ನಾಲ್ಕನೆಯದು ಸಾಂತಾ ರೂಫಿನಾ.
ರಸ್ತೆ ನಡುವೆ ಒಂದು ನಾಯಿ ಮಲಗಿತ್ತು.
ಬಸ್ಸು ನಿಂತಿತು. ಹಾರನ್ ಇಲ್ಲ, ಬೈಗುಳವಿಲ್ಲ.
ನಾಯಿ ಎದ್ದು, ಮೈ ಮುರಿದು, ಯೋಚಿಸಿ, ಅಂಚಿಗೆ ಸರಿಯಿತು.
ಯೆರ್ಕೊ ನನ್ನ ತೋಳು ಒತ್ತಿದ.

ಇರಲಿ. ಆದರೆ ಅಮ್ಮ ಹೇಳುತ್ತಿದ್ದಳು:
ಮನೆ ಕೊಳ್ಳುವ ಮುಂಚೆ ಸತ್ತವರನ್ನು ಕೇಳು.
ಸ್ಮಶಾನಕ್ಕೆ ಹೋಗಿ ಕನ್ನಡಕ ಒರೆಸಿ ಕಲ್ಲು ಓದಿದೆ:
ತೊಂಬತ್ತೊಂದು. ಎಂಬತ್ತೆಂಟು. ತೊಂಬತ್ತಾರು.
ಒಬ್ಬ ಮೂವತ್ತೆರಡು; ಮೋಟಾರ್‌ಸೈಕಲ್ ಅಂತೆ, ಹವೆಯ ತಪ್ಪಲ್ಲ.
ಅಂಜೂರದ ನೆರಳಲ್ಲಿ ಕಾವಲುಗಾರ ದೋನ್ ಎವಾರಿಸ್ತೊ
ಈರುಳ್ಳಿ ಸುಲಿಯುತ್ತ ಕೂತಿದ್ದ.
ಯೆರ್ಕೊ, ಅಕ್ಕಿಯ ದರ ಕೇಳುವ ದನಿಯಲ್ಲಿ:
"ಇಲ್ಲಿ ಇಬ್ಬರಿಗೆ ಜಾಗ ಸಿಗುತ್ತದೆಯೇ?"
ಅವನು ನಮ್ಮನ್ನು ಅಡಿಯಿಂದ ಮುಡಿಯವರೆಗೆ ಅಳೆದ.
"ಊರಲ್ಲಿ ಐದು ವರ್ಷ ಇದ್ದವರಿಗೆ ಮಾತ್ರ, ಸ್ವಾಮಿ.
ನಿಯಮ ನನ್ನದಲ್ಲ."

ಊರು ಹೋಗು ಅನ್ನುವ, ಕಾಡು ಬಾ ಅನ್ನುವ ವಯಸ್ಸು ನಮ್ಮದು.
ಇಲ್ಲಿ ಕಾಡೇ ತಡೆ ಅಂದಿತು.
ಯೆರ್ಕೊ ನಕ್ಕ. ಎಷ್ಟು ನಕ್ಕನೆಂದರೆ ಈರುಳ್ಳಿಯ ನೆಪ ಬೇಕಾಯಿತು.
"ಕೇಳಿದೆಯಾ? ಐದು ವರ್ಷ ಬದುಕಲೇಬೇಕಂತೆ,
ಸರಕಾರದ ಆದೇಶ."
ಆ ಸಂಜೆಯೇ ಬಾಡಿಗೆಯ ಮುಂಗಡ ಕೊಟ್ಟೆವು.

ಮೂರು ರಾತ್ರಿ ಅವನಿಗೆ ನಿದ್ದೆಯಿಲ್ಲ.
ಕಿಟಕಿ ಬಡಿಯುತ್ತಿಲ್ಲವೆಂದು ಎದ್ದೆದ್ದು ನೋಡುತ್ತಿದ್ದ.
ನಾಲ್ಕನೆಯ ದಿನ ಹಳೆಯ ಫ್ಯಾನೊಂದನ್ನು ಹೊತ್ತು ತಂದ:
ಗಾಳಿಗಲ್ಲ, ಸದ್ದಿಗೆ.
ಈಗ ಅದನ್ನು ಗೋಡೆಯ ಕಡೆ ತಿರುಗಿಸಿ ಮಲಗುತ್ತೇವೆ.
ನಡೆಯುವಾಗ ಅವನು ಇನ್ನೂ ಎಡಕ್ಕೆ ವಾಲುತ್ತಾನೆ;
ಬೇಕರಿಯ ಹುಡುಗರು ಹಿಂದೆ ಹಾಗೇ ವಾಲಿ ಬರುತ್ತಾರೆ.

ನಾನು ಇಂದು ಬೆಳಿಗ್ಗೆ ಬಟ್ಟೆ ಒಣಹಾಕಿದೆ.
ಹಗ್ಗ ನಮ್ಮೂರಿನದೇ, ಕ್ಲಿಪ್ಪುಗಳೂ.
ಹೂಬಿಸಿಲು. ಅಂಗಿಗಳು ಅಲುಗದೆ ನೆಟ್ಟಗೆ ಇಳಿಬಿದ್ದವು,
ತೋಳು ಕೆಳಗೆ, ಕೊರಳು ತಗ್ಗಿಸಿ.
ಏನೋ ಸರಿಯಿಲ್ಲ ಅನ್ನಿಸಿ
ತುಸು ಹೊತ್ತು ನೋಡುತ್ತ ನಿಂತೆ.
ಆಮೇಲೆ ಯಾರೂ ಕಾಣದಂತೆ
ಅವನ ನೀಲಿ ಅಂಗಿಯನ್ನು ಬೆರಳಿಂದ ತಳ್ಳಿದೆ.